ಗರಗರ ಅನ್ನೋ ವಾಷಿಂಗ್ ಮೆಷಿನ್: ಡ್ರಮ್ ಮನೆಯಲ್ಲೇ ರಿಪೇರಿ ಆಗುತ್ತಾ?

ಬಟ್ಟೆ ಹಿಂಡೋ ಹೊತ್ತಿಗೆ ವಾಷಿಂಗ್ ಮೆಷಿನ್ ಹಿಟ್ಟಿನ ಗಿರಣಿ ಥರ ಗರಗರ ಅಂದ್ರೆ ಸಾಕು, "ಡ್ರಮ್ ಹೋಯ್ತು" ಅಂತೀವಿ. ಹೆಚ್ಚಿನ ಸಲ ಸ್ಟೀಲ್ ಡ್ರಮ್ ಗಟ್ಟಿಯಾಗೇ ಇರುತ್ತೆ, ಸವೆದಿರೋದು ಅದರ ಬೆನ್ನಿಗಿರೋ ಬೇರಿಂಗ್. ಜರ್ಮನಿಯಲ್ಲಿರೋ ನಮ್ಮವರು ಇದನ್ನ ಮನೆಯಲ್ಲೇ ಸರಿಮಾಡಬಹುದಾ? ಇವತ್ತು ಅದನ್ನೇ ನೋಡೋಣ.

ಮುಂದೆ ಬಾಗಿಲಿರೋ ಮೆಷಿನ್ ಒಳಗೆ ನೀರು ಹಿಡಿಯೋ ಪ್ಲಾಸ್ಟಿಕ್ ತೊಟ್ಟಿ, ಅದರೊಳಗೆ ತಿರುಗೋ ತೂತಿನ ಡ್ರಮ್. ಡ್ರಮ್ ಬೆನ್ನಿಗೆ ಸಾಮಾನ್ಯವಾಗಿ ಮೂರು ತೋಳಿನ ಅಲ್ಯೂಮಿನಿಯಂ ಚೌಕಟ್ಟು ಇರುತ್ತೆ, ಅದಕ್ಕೆ ಸ್ಪೈಡರ್ ಅಂತಾರೆ. ಅದರ ನಡುವಿನ ಉಕ್ಕಿನ ಶಾಫ್ಟ್ ಎರಡು ಬೇರಿಂಗ್‌ಗಳಲ್ಲಿ ಕೂತಿರುತ್ತೆ. ನೀರಿಗೂ ಬೇರಿಂಗ್‌ಗೂ ನಡುವೆ ಇರೋದು ಒಂದು ರಬ್ಬರ್ ಸೀಲ್ ಅಷ್ಟೇ.

48 ಸೆಂ.ಮೀ. ಅಗಲದ ಡ್ರಮ್ ನಿಮಿಷಕ್ಕೆ 1,400 ಸುತ್ತು ತಿರುಗಿದ್ರೆ, ಅಂಚಿನಲ್ಲಿ ಗುರುತ್ವದ 500 ಪಟ್ಟಿಗೂ ಹೆಚ್ಚು ಸೆಳೆತ. ಒಂದು ಕಡೆ 100 ಗ್ರಾಂ ಒದ್ದೆ ಬಟ್ಟೆ ಹೆಚ್ಚಾದ್ರೂ 50 ಕೆ.ಜಿ. ಭಾರ ಜಗ್ಗಿದ ಹಾಗೆ. ಸೀಲ್ ಸವೆದಾಗ ನೀರು ನುಗ್ಗಿ, ಗ್ರೀಸ್ ತೊಳೆದು, ಬೇರಿಂಗ್ ತುಕ್ಕು ಹಿಡಿಯುತ್ತೆ. ಜೊತೆಗೆ ಅಲ್ಯೂಮಿನಿಯಂ, ಸ್ಟೀಲ್, ಸಾಬೂನು ನೀರು ಸೇರಿ ಸಣ್ಣ ಬ್ಯಾಟರಿಯಂತಾಗಿ, ಸ್ಪೈಡರ್ ಕೂಡ ನಿಧಾನಕ್ಕೆ ಕರಗುತ್ತೆ.

ಪರೀಕ್ಷೆ ಸುಲಭ. ಪ್ಲಗ್ ತೆಗೆಯಿರಿ, ಬಾಗಿಲು ತೆರೆದು ಡ್ರಮ್‌ನ ಮೇಲಂಚನ್ನ ಎತ್ತಿ ನೋಡಿ. ತೊಟ್ಟಿಯ ಜೊತೆಗೇ ಅಲುಗಿದ್ರೆ ಅದು ಸ್ಪ್ರಿಂಗ್ ಆಟ, ಚಿಂತೆಯಿಲ್ಲ. ಡ್ರಮ್ ಮಾತ್ರ ಕಟಕಟ ಅಲುಗಿದ್ರೆ ಬೇರಿಂಗ್ ಮೇಲೆ ಅನುಮಾನ. ಅಲುಗದೆ ಬರೀ ಸದ್ದು ಬಂದ್ರೆ ಒಳಗೆ ನಾಣ್ಯ ಸಿಕ್ಕಿರಲೂಬಹುದು.

ರಿಪೇರಿ ಅಂದ್ರೆ ತೊಟ್ಟಿ ಹೊರತೆಗೆದು, ಎರಡು ಭಾಗ ಬಿಚ್ಚಿ, ಹಳೇ ಬೇರಿಂಗ್ ಹೊಡೆದು ತೆಗೆದು, ಹೊಸದನ್ನ ಹೊರ ಬಳೆಗೆ ಮಾತ್ರ ಒತ್ತಡ ಕೊಟ್ಟು ಕೂರಿಸೋದು. ಎರಡೂ ಬೇರಿಂಗ್, ಸೀಲ್ ಒಟ್ಟಿಗೇ ಬದಲಾಯಿಸಬೇಕು. ಕಾಂಕ್ರೀಟ್ ತೂಕದ ಕಲ್ಲುಗಳಿರೋದ್ರಿಂದ ಒಬ್ಬರೇ ಎತ್ತಬೇಡಿ.

ಇಲ್ಲಿ ಕಾನೂನು ಬರುತ್ತೆ. 2021ರ ಮಾರ್ಚ್ 1ರಿಂದ ಜಾರಿಯಲ್ಲಿರೋ ಐರೋಪ್ಯ ಒಕ್ಕೂಟದ ನಿಯಮದ ಪ್ರಕಾರ, ಒಂದು ಮಾದರಿಯ ಕೊನೆಯ ಮೆಷಿನ್ ಮಾರುಕಟ್ಟೆಗೆ ಬಂದ ಮೇಲೂ ಕನಿಷ್ಠ 10 ವರ್ಷ ಬಿಡಿಭಾಗ ಸಿಗಬೇಕು. ಬಾಗಿಲು, ಸೀಲ್‌ಗಳು ನಮ್ಮಂಥ ಬಳಕೆದಾರರಿಗೂ ಸಿಗಬೇಕು. ಡ್ರಮ್, ಸ್ಪೈಡರ್, ಬೇರಿಂಗ್ ಮಾತ್ರ ವೃತ್ತಿಪರ ರಿಪೇರಿಯವರಿಗೆ. ಅದೂ ಬಿಡಿಯಾಗಿ ಅಥವಾ ಒಟ್ಟು ಸೆಟ್ಟಾಗಿ ಕೊಡಬಹುದು.

ಆದ್ರೆ ಬೇರಿಂಗ್‌ಗೆ ತಯಾರಕರನ್ನೇ ಕಾಯಬೇಕಿಲ್ಲ. ಅದರ ಮೇಲೆ ಅಚ್ಚಾಗಿರೋ ನಂಬರ್ ಜಗತ್ತಿನಾದ್ಯಂತ ಒಂದೇ. ಉದಾಹರಣೆಗೆ 6205 ಅಂದ್ರೆ ಒಳವ್ಯಾಸ 25 ಮಿ.ಮೀ., ಹೊರವ್ಯಾಸ 52. ಯಾವ ಬೇರಿಂಗ್ ಅಂಗಡಿಯಲ್ಲೂ ಸಿಗುತ್ತೆ. ಅಂದ್ರೆ ಸೀಲ್ ಕಾನೂನು ಕೊಡಿಸುತ್ತೆ, ಬೇರಿಂಗ್ ಅಂಗಡಿ ಕೊಡುತ್ತೆ. ಅಡ್ಡ ನಿಲ್ಲೋದು ಬೆಸುಗೆ! ಈಗಿನ ಎಷ್ಟೋ ಮೆಷಿನ್‌ಗಳಲ್ಲಿ ತೊಟ್ಟಿಯ ಎರಡು ಭಾಗವನ್ನ ಸ್ಕ್ರೂ ಬದಲು ಬೆಸುಗೆ ಹಾಕಿ ಮುಚ್ಚಿರ್ತಾರೆ. ಆಗ ಸಣ್ಣದೊಂದು ಬೇರಿಂಗ್‌ಗಾಗಿ ಇಡೀ ತೊಟ್ಟಿ ಕೊಳ್ಳಬೇಕು, ಇಲ್ಲವೇ ಗರಗಸ ಹಿಡಿಯಬೇಕು.

ಜೋಡಿಸಿದ ಮೇಲೆ ಅರ್ತಿಂಗ್ ವೈರ್ ತಪ್ಪದೆ ಹಾಕಿ. 230 ವೋಲ್ಟ್ ಮತ್ತು ನೀರು ಒಂದೇ ಡಬ್ಬದಲ್ಲಿವೆ. ಮೊದಲ ಸಲ ಬಟ್ಟೆ ಹಾಕದೆ, ಪಕ್ಕದಲ್ಲೇ ನಿಂತು ಓಡಿಸಿ. ಸೋರಿದ್ರೆ ಕೆಳಗಿನ ಮನೆಯವರ ಚಾವಣಿ ಒದ್ದೆಯಾಗುತ್ತೆ. ಧೈರ್ಯ ಸಾಲದಿದ್ರೆ ಊರಿನ ರಿಪೇರಿ ಕೆಫೆಯಲ್ಲಿ ಸಲಹೆ ಕೇಳಿ.

ಇನ್ನು ಹೊಸ ಮೆಷಿನ್ ಕೊಳ್ಳೋಕೆ ಹೋದಾಗ ಬಣ್ಣ, ಬಟನ್ ನೋಡೋ ಮುಂಚೆ ಒಂದು ಪ್ರಶ್ನೆ ಕೇಳಿಬಿಡಿ: "ತೊಟ್ಟಿಗೆ ಸ್ಕ್ರೂ ಇದೆಯಾ, ಬೆಸುಗೆ ಹಾಕಿದಾರಾ?" ಹತ್ತು ವರ್ಷದ ಮೇಲೆ ಅದು ರಿಪೇರಿಗೆ ಹೋಗುತ್ತಾ, ಗುಜರಿಗೆ ಹೋಗುತ್ತಾ ಅನ್ನೋದು ಆ ಉತ್ತರದಲ್ಲಿದೆ.