ಗಾಳ ಯಾವ ಮೀನಿಗೆ?

ಅಮೆರಿಕದ ಹವ್ಯಾಸಿ ಗಾಳಗಾರರು ಸಿಹಿನೀರಿನ ಮೀನುಗಳಲ್ಲಿ ಅಗ್ರಪೂಜೆ ಸಲ್ಲಿಸುವುದು 'ಬಾಸ್' ಮೀನಿಗೆ. ಉಳಿದವೆಲ್ಲ ಅದರ ಹಿಂದೆ. ನಮ್ಮ ಬಾಡಗಂಡಿಯ ಸೀಮೆಯಲ್ಲಿ ಇಂಥ ಪಂಕ್ತಿಭೇದವಿಲ್ಲ. ಕೃಷ್ಣೆ-ಘಟಪ್ರಭೆಯರ ನಡುವಣ ಈ ಬೀಳಗಿ ತಾಲೂಕಿನಲ್ಲಿ ಆಲಮಟ್ಟಿಯ ಹಿನ್ನೀರು ಹರಡಿದೆ. ಕಟ್ಲಾ ಮೇಲ್ನೀರಿನಲ್ಲಿ ಮೇಯುತ್ತದೆ, ರೋಹು ನಡುನೀರಿನಲ್ಲಿ, ಮೃಗಾಲ್ ತಳದ ಕೆಸರಿನಲ್ಲಿ. ಗಾಳ ಇಳಿದಷ್ಟು ಆಳಕ್ಕೆ ತಕ್ಕ ಮೀನು; ಸಿಕ್ಕಿದ್ದೇ ಭಾಗ್ಯ!

ಒಂದೇ ಮೀನಿಗಾಗಿ ಹಟ ಹಿಡಿದವರನ್ನು ಕಾಣಬೇಕಾದರೆ ಕಾವೇರಿಯ ಕಡೆ ನೋಡಬೇಕು. ಅಲ್ಲಿ ಗಾಳಕ್ಕೆ ರಾಗಿಮುದ್ದೆ ಸಿಕ್ಕಿಸಿ, ದೇಶವಿದೇಶಗಳ ರಸಿಕರು ಮಹಶೀರ್‌ಗಾಗಿ ಕಾದು ಕುಳಿತರು. 1946ರಲ್ಲಿ ಮೈಸೂರಿನ ಡಿ ವೆಟ್ ವಾನ್ ಇಂಗೆನ್ ಕಬಿನಿಯಲ್ಲಿ ಹಿಡಿದ ಮೀನು 120 ಪೌಂಡು ತೂಗಿತು. ಆಟಕ್ಕೆ ಮೀನು ಹೆಚ್ಚಲೆಂದು ಮುಂದೆ ಅಲ್ಲಿಗೆ ಬೇರೊಂದು ಮಹಶೀರನ್ನು ತಂದು ಬಿಟ್ಟರು. ಅದು ನಮ್ಮ ಕೃಷ್ಣೆಯ ಕೊಳ್ಳದ್ದೇ, ನೀಲಿ ಈಜುರೆಕ್ಕೆಯದು. ಅತಿಥಿ ಬೆಳೆಯಿತು, ಮನೆಯೊಡೆಯ ಸೊರಗಿದ. ಅಣೆಕಟ್ಟುಗಳೂ ಸಿಡಿಮದ್ದಿನ ಬೇಟೆಯೂ ಅದಕ್ಕೆ ಜೊತೆಗೂಡಿದುವು. ಕಾವೇರಿಯ ಡುಬ್ಬದ ಮಹಶೀರ್ 2018ರಲ್ಲಿ ಅಳಿವಿನ ತೀವ್ರ ಭೀತಿಯಲ್ಲಿರುವ ಜೀವಿಗಳ ಪಟ್ಟಿಯನ್ನು ಸೇರಿತು.

ಎಲ್ಲರೂ ಬಯಸಿದ ಮೀನಿಗೆ ಈ ಗತಿ. ಬಂದುದನ್ನು ಒಪ್ಪಿಕೊಳ್ಳುವ ಬಾಡಗಂಡಿಯ ಗಾಳವೇ ನದಿಗೆ ಹೆಚ್ಚು ಹಿತವಲ್ಲವೆ?