ಎರಡನೇ ಗ್ಲಾಸಿನ ಥಂಡಾಯಿ

ರಂಗಪಂಚಮಿಗೆಂದು ನಾಗಣಸೂರಿನಿಂದ ಸೊಲ್ಲಾಪುರಕ್ಕೆ ಹೋಗಿದ್ದೆವು. ಗೆಳೆಯರ ಮನೆಯಲ್ಲಿ ನಮ್ಮ ಕಾಕಾ ಒಂದು ಗ್ಲಾಸ್ ಥಂಡಾಯಿ ಕುಡಿದರು. ಹಾಲು, ಬದಾಮಿ, ಗಸಗಸೆ, ಸೋಂಪು, ಮೆಣಸು, ಜೊತೆಗೆ ಅರೆದ ಭಂಗಿ ಎಲೆ. ಅರ್ಧ ತಾಸಾದರೂ ಕಾಕಾ ಇದ್ದಂಗೇ ಇದ್ದರು. "ಏನೂ ಆಗವಲ್ದು, ಇನ್ನೊಂದ ಹಾಕ್ರೋ" ಅಂದರು. ಸಂಜೆಗೆ ಗೋಡೆ ಹಿಡಿದು ಕೂತು, "ನನ್ನ ಎದಿ ನಿಂತೈತಿ, ನೋಡ್ರೋ" ಎನ್ನತೊಡಗಿದರು. ಕೈ ಹಿಡಿದು ನೋಡಿದರೆ ನಾಡಿ ದಬದಬ ಓಡುತ್ತಿತ್ತು.

ಕಾಕಾರನ್ನು ಕೆಡಿಸಿದ್ದು ಆ ಎರಡನೇ ಗ್ಲಾಸು. ಭಂಗಿ, ಗಾಂಜಾ ಎರಡರಲ್ಲೂ ನಶೆ ತರುವ ವಸ್ತು ಟಿಎಚ್‌ಸಿ. ಸೇದಿದ ಗಾಂಜಾದ ಟಿಎಚ್‌ಸಿ ಶ್ವಾಸಕೋಶದಿಂದ ನಿಮಿಷಗಳಲ್ಲಿ ಮಿದುಳು ಮುಟ್ಟುತ್ತದೆ. ಕುಡಿದದ್ದು ಹೊಟ್ಟೆ, ಕರುಳು, ಯಕೃತ್ತು ದಾಟಿ ಬರಬೇಕು. ಯಕೃತ್ತು ಅದರಲ್ಲೊಂದು ಪಾಲನ್ನು 11-ಹೈಡ್ರಾಕ್ಸಿ-ಟಿಎಚ್‌ಸಿ ಆಗಿ ಬದಲಿಸುತ್ತದೆ. ಇದೂ ಮಿದುಳಿಗೆ ಸಲೀಸಾಗಿ ನುಗ್ಗುವ ಜಬರದಸ್ತ್ ವಸ್ತು. ಹಾಗಾಗಿ ನಶೆ ಶುರುವಾಗಲು ಅರ್ಧ ತಾಸಿನಿಂದ ಎರಡು ತಾಸು, ಪೂರ್ತಿ ಏರಲು ನಾಲ್ಕು ತಾಸು ಹಿಡಿದೀತು. ಇಳಿಯಲು ಎಂಟು ತಾಸು, ಕೆಲವರಿಗೆ ಇನ್ನೂ ಹೆಚ್ಚು.

ಟಿಎಚ್‌ಸಿಯನ್ನು 1964ರಲ್ಲಿ ಇಸ್ರೇಲಿನಲ್ಲಿ ಬೇರ್ಪಡಿಸಿದವರು ಮೆಶೌಲಮ್ ಮತ್ತು ಗವೋನಿ. ಅದು ಹೋಗಿ ಕೂರುವ ಜಾಗದಲ್ಲೇ ಕೂರುವ, ನಮ್ಮ ಮಿದುಳೇ ತಯಾರಿಸುವ ವಸ್ತುವೊಂದು 1992ರಲ್ಲಿ ಸಿಕ್ಕಿತು. ಸಂಸ್ಕೃತದ 'ಆನಂದ'ದಿಂದಲೇ ಅದಕ್ಕೆ ಆನಂದಮೈಡ್ ಎಂದು ಹೆಸರಿಟ್ಟರು. ಅಂದು ಕಾಕಾರ ಮುಖ ನೋಡಿದ್ದರೆ ಬೇರೆ ಹೆಸರು ಹುಡುಕುತ್ತಿದ್ದರೇನೋ!

ಟಿಎಚ್‌ಸಿ ಇರುವ ತಿನಿಸು, ಪಾನೀಯ ಕಾನೂನುಬದ್ಧವಾಗಿರುವ ಕೆನಡಾದಲ್ಲಿ ಒಂದು ಪೊಟ್ಟಣಕ್ಕೆ 10 ಮಿಲಿಗ್ರಾಂ ಟಿಎಚ್‌ಸಿ ಮಿತಿ. ಹೊಸಬರಿಗೆ 2.5 ಮಿಲಿಗ್ರಾಂ ದಾಟಬೇಡಿ, ಕಾಯಿರಿ ಎಂದು ಹೇಳುತ್ತಾರೆ. ನಮ್ಮ ಪಾತೇಲಿಗೆ ಅಳತೆ ಎಲ್ಲಿಯದು? ಅರೆದ ಎಲೆ ತಳಕ್ಕಿಳಿಯುತ್ತದೆ, ಕಡೆಯ ಗ್ಲಾಸಿಗೆ ಅದೇ ಗಟ್ಟಿ ಪಾಲು. 1985ರ ಮಾದಕವಸ್ತು ಕಾಯ್ದೆ ಬರೀ ಎಲೆಯನ್ನು ಗಾಂಜಾ ಎಂದು ಎಣಿಸಿಲ್ಲ, ನಿಜ. ಆದರೆ ಮಹಾರಾಷ್ಟ್ರದಲ್ಲಿ 1949ರ ಪಾನನಿಷೇಧ ಕಾಯ್ದೆಯಿದೆ, ಪರವಾನಗಿ ಇಲ್ಲದ ಭಂಗಿ ಅಪರಾಧವೇ.

ಹೃದ್ರೋಗಿಗಳು, ಗರ್ಭಿಣಿಯರು, ಮನೋರೋಗದ ಹಿನ್ನೆಲೆಯುಳ್ಳವರು ಇದರ ಹತ್ತಿರ ಸುಳಿಯಲೇಬಾರದು. ಮೇಲೆ ದಾರೂ ಬೇಡ. ನಾವು ಮೊದಲು ಕಾಕಾರ ಗಾಡಿ ಕೀಲಿ ಕಸಿದುಕೊಂಡೆವು. ಮಬ್ಬು ಬೆಳಕಿನ ಕೋಣೆಯಲ್ಲಿ ಮಗ್ಗುಲಾಗಿ ಮಲಗಿಸಿದೆವು, ಒಬ್ಬರು ಪಕ್ಕದಲ್ಲೇ ಕೂತರು. ಎದೆನೋವು ಬಂದರೆ, ಕರೆದರೂ ಏಳದಿದ್ದರೆ 108ಕ್ಕೆ ಫೋನ್ ಮಾಡಬೇಕು. ಮಗು ಕುಡಿದಿದ್ದರಂತೂ ಲಕ್ಷಣಕ್ಕೆ ಕಾಯದೆ ಆಸ್ಪತ್ರೆಗೆ ಓಡಬೇಕು. ಪುಟ್ಟ ಮೈಗೆ ಸ್ವಲ್ಪವೇ ಸಾಕು, ಎಚ್ಚರ ತಪ್ಪುತ್ತದೆ, ಉಸಿರು ಕುಂದುತ್ತದೆ. ಮಕ್ಕಳ ಕಣ್ಣಿಗೆ ಥಂಡಾಯಿ ಅಂದರೆ ಬದಾಮಿ ಹಾಲು.

ಅಂದು ಆ ಪಾತೇಲಿ ಅಡುಗೆಮನೆಯ ಕಟ್ಟೆಯ ಮೇಲೆ, ಮುಚ್ಚಳವಿಲ್ಲದೆ, ರಾತ್ರಿಯವರೆಗೂ ಇತ್ತು.