ಎಷ್ಟು ಜನರಲ್ಲಿ ಎಷ್ಟು ಜನ? – ಉದ್ಯಮಿಗಳಿಗೆ ರೋಗಲೆಕ್ಕದ ಪ್ರಾಥಮಿಕ ಪಾಠ

ಒಂದು ಸಂಸ್ಥೆಯು ಹತ್ತು ಲಕ್ಷ ರೂಪಾಯಿ ಲಾಭ ಗಳಿಸಿತೆಂದು ಯಾರಾದರೂ ಹೇಳಿದರೆ, ತೊಡಗಿಸಿದ ಬಂಡವಾಳವೆಷ್ಟು, ಅವಧಿ ಎಷ್ಟು ಎಂದು ವ್ಯಾಪಾರಸ್ಥರಾದ ನಾವು ತಕ್ಷಣ ಕೇಳುತ್ತೇವೆ. ಆದರೆ ಇಂತಹ ಊರಿನಲ್ಲಿ ಇಪ್ಪತ್ತು ಜನರಿಗೆ ಜ್ವರ ಬಂದಿದೆಯೆಂಬ ಸುದ್ದಿ ಕಿವಿಗೆ ಬಿದ್ದಾಗ ಅದೇ ಪ್ರಶ್ನೆಯನ್ನು ಕೇಳಲು ಮರೆಯುತ್ತೇವೆ. ಎಷ್ಟು ಜನರಲ್ಲಿ ಇಪ್ಪತ್ತು? ಎಷ್ಟು ದಿನಗಳಲ್ಲಿ? ಜನಸಮುದಾಯದಲ್ಲಿ ರೋಗದ ಹರಡಿಕೆಯನ್ನು ಅಭ್ಯಸಿಸುವ ಎಪಿಡೆಮಿಯಾಲಜಿ ಎಂಬ ಶಾಸ್ತ್ರವು ಆರಂಭವಾಗುವುದು ಈ ಪ್ರಶ್ನೆಯಿಂದಲೇ. ಅದರ ಮೂಲಪಾಠಗಳನ್ನು ಅರಿಯಲು ವೈದ್ಯಕೀಯ ಪದವಿ ಬೇಕಿಲ್ಲ. ಭಾಗಾಕಾರ ಬಲ್ಲವರಿಗೆ ಅವು ಸುಲಭಸಾಧ್ಯ.

ಮೊದಲ ಪಾಠ: ಛೇದ

ಒಂದು ಕಾಲ್ಪನಿಕ ಉದಾಹರಣೆ ನೋಡೋಣ. ಒಂದು ಕಾರ್ಖಾನೆಯ ಮೊದಲ ಶೆಡ್ಡಿನಲ್ಲಿ 120 ಕಾರ್ಮಿಕರಿದ್ದು, ಒಂದು ವಾರದಲ್ಲಿ 9 ಜನರಿಗೆ ವಾಂತಿಭೇದಿಯಾಯಿತು. ಎರಡನೆಯ ಶೆಡ್ಡಿನ 40 ಕಾರ್ಮಿಕರಲ್ಲಿ 6 ಜನರಿಗೆ ಆಯಿತು. ಕೇವಲ ರೋಗಿಗಳ ಸಂಖ್ಯೆಯನ್ನು ನೋಡಿದವರು ಮೊದಲ ಶೆಡ್ಡಿನ ಕಡೆಗೆ ಧಾವಿಸುತ್ತಾರೆ. ಭಾಗಿಸಿ ನೋಡಿದರೆ ಮೊದಲನೆಯದರಲ್ಲಿ ಪ್ರಮಾಣ ಶೇ. 7.5, ಎರಡನೆಯದರಲ್ಲಿ ಶೇ. 15, ಅಂದರೆ ಇಮ್ಮಡಿ. ಮೊದಲು ಪರೀಕ್ಷಿಸಬೇಕಾದುದು ಎರಡನೆಯ ಶೆಡ್ಡಿನ ಕುಡಿಯುವ ನೀರನ್ನು. ಅಂಶವು ಆಸ್ಪತ್ರೆಯಲ್ಲಿ ದೊರೆಯುತ್ತದೆ. ಛೇದವು ದೊರೆಯುವುದು ನಮ್ಮ ಹಾಜರಿ ಪುಸ್ತಕದಲ್ಲಿ. ಈ ಮಾತನ್ನು ಉದ್ಯಮಿಗಳು ವಿಶೇಷವಾಗಿ ಗಮನಿಸಬೇಕು.

ಎರಡನೆಯ ಪಾಠ: ಯಾರು, ಎಲ್ಲಿ, ಯಾವಾಗ

ಲೆಕ್ಕ ಪರಿಶೋಧನೆಯಲ್ಲಿ ನಾವು ಪ್ರತಿ ವೋಚರಿನ ದಿನಾಂಕ, ಸ್ಥಳ ಹಾಗೂ ವ್ಯಕ್ತಿಯನ್ನು ನೋಡುತ್ತೇವೆ. ರೋಗದ ತನಿಖೆಯೂ ಹಾಗೆಯೇ ನಡೆಯುತ್ತದೆ. ಇದಕ್ಕೆ ನಮ್ಮ ಖಾನಾಪುರ ತಾಲೂಕಿನದೇ ನಿದರ್ಶನವಿದೆ.

ಮಂಗನ ಕಾಯಿಲೆಯನ್ನು 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಅರಣ್ಯ ಪ್ರದೇಶದಲ್ಲಿ ಮೊದಲಿಗೆ ಗುರುತಿಸಲಾಯಿತು. ಕಾಡಿನ ಉಣ್ಣಿ ಅಥವಾ ಉಣುಗು ಕಚ್ಚುವುದರಿಂದ ಈ ವೈರಾಣು ಮನುಷ್ಯನನ್ನು ಸೇರುತ್ತದೆ. 2015ರಲ್ಲಿ ಗೋವಾದ ಸತ್ತರಿ ತಾಲೂಕಿನಲ್ಲಿ ಈ ರೋಗ ಕಾಣಿಸಿಕೊಂಡಿತು. ಮರುವರ್ಷ ಅಲ್ಲಿಯ ಗೇರು ತೋಟಗಳಿಗೆ ಕೆಲಸಕ್ಕೆ ಹೋಗಿದ್ದ ಖಾನಾಪುರ ಭಾಗದ ಕಾರ್ಮಿಕರಲ್ಲಿಯೂ ಅದು ಪತ್ತೆಯಾಯಿತು.

ಇಂತಹ ಸಂದರ್ಭದಲ್ಲಿ ರೋಗಿಯ ಮನೆಯ ವಿಳಾಸವನ್ನಷ್ಟೇ ಬರೆದುಕೊಂಡರೆ ರೋಗವು ಖಾನಾಪುರದ ಖಾತೆಗೆ ಜಮೆಯಾಗುತ್ತದೆ. ಸೋಂಕು ತಗುಲಿದ ಬಳಿಕ ಜ್ವರ ಬರಲು ಸಾಮಾನ್ಯವಾಗಿ 3ರಿಂದ 8 ದಿನಗಳು ಬೇಕು. ಆದ್ದರಿಂದ ಜ್ವರ ಆರಂಭವಾದ ದಿನದಿಂದ ಹಿಂದಕ್ಕೆ ಎಣಿಸಿ, ಆ ದಿನಗಳಲ್ಲಿ ಆತ ಎಲ್ಲಿದ್ದ, ಯಾವ ಕೆಲಸದಲ್ಲಿದ್ದ ಎಂದು ಕೇಳಬೇಕು. ಆಗಲೇ ಗೇರು ತೋಟವು ಗೋಚರಿಸುತ್ತದೆ. ಗೇರು ಕೊಯ್ಲಿನ ಬೇಸಿಗೆಯ ತಿಂಗಳುಗಳು ಉಣ್ಣಿಗಳ ಹಾವಳಿಯ ಕಾಲದೊಳಗೇ ಬರುವುದರಿಂದ ಋತುವೂ ಈ ತೀರ್ಮಾನಕ್ಕೆ ಪುಷ್ಟಿ ನೀಡುತ್ತದೆ.

ಇದರ ವ್ಯಾವಹಾರಿಕ ಮಹತ್ವ ದೊಡ್ಡದು. ಈ ರೋಗವು ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ಊರಿಗೆ ಮರಳಿದ ಕಾರ್ಮಿಕನನ್ನು ದೂರವಿಡುವುದರಿಂದ ಯಾರಿಗೂ ರಕ್ಷಣೆ ಸಿಗದು. ಆತನ ಪಗಾರ ಮಾತ್ರ ನಿಲ್ಲುತ್ತದೆ. ಮೈಮುಚ್ಚುವ ಬಟ್ಟೆ, ಕೆಲಸಕ್ಕೆ ಮುನ್ನ ಕೈಕಾಲುಗಳಿಗೆ ಉಣ್ಣಿ ನಿವಾರಕ ತೈಲ, ಕೆಲಸದ ನಂತರ ಸ್ನಾನ – ರಕ್ಷಣೆ ಇರುವುದು ಇವುಗಳಲ್ಲಿ.

ಮೂರನೆಯ ಪಾಠ: ಹೋಲಿಕೆ

ಒಂದು ಔಷಧಿ ಕೊಟ್ಟ ಮೇಲೆ ಬಹುಪಾಲು ಜನ ಗುಣಮುಖರಾದರೆಂದ ಮಾತ್ರಕ್ಕೆ ಅದು ಔಷಧಿಯ ಗುಣವೆನ್ನಲಾಗದು. ಔಷಧಿಯಿಲ್ಲದೆಯೂ ಅವರು ಗುಣಮುಖರಾಗುತ್ತಿದ್ದರೇನೋ. ಸಮಾನ ಸ್ಥಿತಿಯ ಎರಡು ಗುಂಪುಗಳನ್ನು ಹೋಲಿಸಬೇಕು. ಜಗತ್ತಿನ ಗಮನ ಸೆಳೆದ ಇಂತಹ ಒಂದು ಅಧ್ಯಯನ ನಡೆದುದು ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿಯೇ.

ಹೆರಿಗೆಯ ನಂತರದ ಅತಿಯಾದ ರಕ್ತಸ್ರಾವವು ತಾಯಂದಿರ ಸಾವಿಗೆ ಪ್ರಮುಖ ಕಾರಣ. ಬೆಳಗಾವಿಯ ಕೆ.ಎಲ್.ಇ. ಸಂಸ್ಥೆಯ ಜವಾಹರಲಾಲ್ ನೆಹರೂ ವೈದ್ಯಕೀಯ ಮಹಾವಿದ್ಯಾಲಯವು ಅಮೆರಿಕದ ತಜ್ಞರೊಡನೆ ಕೂಡಿ, 2002ರಿಂದ 2005ರವರೆಗೆ ಜಿಲ್ಲೆಯ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ ಮಿಸೊಪ್ರೊಸ್ಟಾಲ್ ಎಂಬ ಅಗ್ಗದ ಮಾತ್ರೆಯನ್ನು ಪರೀಕ್ಷಿಸಿತು. ಮನೆಯಲ್ಲಿ ಇಲ್ಲವೇ ಉಪಕೇಂದ್ರದಲ್ಲಿ ಹೆರಿಗೆಯಾದ 1620 ತಾಯಂದಿರಲ್ಲಿ ಯಾರಿಗೆ ಔಷಧಿ, ಯಾರಿಗೆ ಔಷಧಿಗುಣವಿಲ್ಲದ ಹುಸಿಮಾತ್ರೆ ಎಂಬುದನ್ನು ಚೀಟಿ ಎತ್ತುವ ನ್ಯಾಯದಂತೆ ಯಾದೃಚ್ಛಿಕವಾಗಿ ನಿರ್ಧರಿಸಲಾಯಿತು. ಮಾತ್ರೆ ಕೊಟ್ಟವರು ಸಹಾಯಕ ದಾದಿಯರು. ರಕ್ತವನ್ನು ಕಣ್ಣಂದಾಜಿನಿಂದ ಹೇಳದೆ, ಅಳತೆಯ ಗುರುತುಗಳುಳ್ಳ ಚೀಲದಲ್ಲಿ ಸಂಗ್ರಹಿಸಿ ಅಳೆಯಲಾಯಿತು.

ಫಲಿತಾಂಶವು 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಹುಸಿಮಾತ್ರೆಯ ಗುಂಪಿನಲ್ಲಿ ಶೇ. 12.0ರಷ್ಟು ತಾಯಂದಿರಿಗೆ ಅತಿ ರಕ್ತಸ್ರಾವವಾಗಿದ್ದರೆ, ಔಷಧಿಯ ಗುಂಪಿನಲ್ಲಿ ಶೇ. 6.4ರಷ್ಟು ತಾಯಂದಿರಿಗೆ ಮಾತ್ರ ಆಗಿತ್ತು. ಇದನ್ನು ಎರಡು ರೀತಿ ಹೇಳಬಹುದು. ಅಪಾಯವು ಸುಮಾರು ಅರ್ಧಕ್ಕಿಳಿಯಿತು ಎನ್ನುವುದು ಒಂದು. ವ್ಯತ್ಯಾಸವಾದ 5.6ರಿಂದ ನೂರನ್ನು ಭಾಗಿಸಿದರೆ ಸುಮಾರು 18 ಬರುತ್ತದೆ. ಅಂದರೆ 18 ತಾಯಂದಿರಿಗೆ ಔಷಧಿ ಕೊಟ್ಟರೆ ಒಬ್ಬರ ಅತಿ ರಕ್ತಸ್ರಾವ ತಪ್ಪುತ್ತದೆ ಎನ್ನುವುದು ಇನ್ನೊಂದು. ವೆಚ್ಚದ ಲೆಕ್ಕಕ್ಕೆ ಈ ಎರಡನೆಯ ಅಂಕಿಯೇ ಬೇಕು: 18 ಸಲದ ಔಷಧಿಯ ಬೆಲೆಯೆಷ್ಟು, ಒಬ್ಬ ತಾಯಿಯನ್ನು ರಾತ್ರೋರಾತ್ರಿ ಆಸ್ಪತ್ರೆಗೆ ಸಾಗಿಸಿ ರಕ್ತ ಕೊಡಿಸುವ ವೆಚ್ಚವೆಷ್ಟು? ವಿಶ್ವ ಆರೋಗ್ಯ ಸಂಸ್ಥೆಯು 2011ರಲ್ಲಿ ಈ ಉಪಯೋಗಕ್ಕಾಗಿ ಮಿಸೊಪ್ರೊಸ್ಟಾಲನ್ನು ಅತ್ಯಾವಶ್ಯಕ ಔಷಧಿಗಳ ಪಟ್ಟಿಗೆ ಸೇರಿಸಿತು.

ಉದ್ಯಮಿಗಳು ಮಾಡಬಹುದಾದುದು

1. ಹಾಜರಿ ಪುಸ್ತಕದಲ್ಲಿ ಗುತ್ತಿಗೆ ಹಾಗೂ ದಿನಗೂಲಿ ಕಾರ್ಮಿಕರನ್ನೂ ಸೇರಿಸಿರಿ. ಅವರು ಬಿಟ್ಟುಹೋದರೆ ಛೇದವೇ ತಪ್ಪಾಗುತ್ತದೆ.

2. ಅನಾರೋಗ್ಯದ ರಜೆಗೆ ಪ್ರತ್ಯೇಕ ಗುರುತು ಹಾಕಿರಿ. ಕಾರ್ಮಿಕನ ಒಪ್ಪಿಗೆಯಿಂದ ಲಕ್ಷಣ ಹಾಗೂ ಅದು ಆರಂಭವಾದ ದಿನಾಂಕವನ್ನು ಬರೆದುಕೊಂಡು ಗೋಪ್ಯವಾಗಿಡಿರಿ.

3. ವಾರಕ್ಕೊಮ್ಮೆ ವಿಭಾಗವಾರು ಪ್ರಮಾಣವನ್ನು ಲೆಕ್ಕಹಾಕಿ, ಹಿಂದಿನ ವಾರಗಳೊಡನೆ ಹೋಲಿಸಿರಿ. ಅಸಹಜ ಏರಿಕೆ ಕಂಡರೆ ತಾಲೂಕಾ ಆರೋಗ್ಯಾಧಿಕಾರಿಗಳಿಗೆ ತಿಳಿಸಿರಿ.

4. ಜ್ವರವೆಂದು ಹೇಳಿದವನ ಪಗಾರವನ್ನು ಕಡಿಯಬೇಡಿರಿ. ಕಡಿದರೆ ಮುಂದಿನ ಸಲ ಆತ ಹೇಳುವುದಿಲ್ಲ; ಜ್ವರವಿದ್ದೇ ಕೆಲಸಕ್ಕೆ ಬರುತ್ತಾನೆ. ಆಗ ಪುಸ್ತಕದಲ್ಲಿ ರೋಗ ಶೂನ್ಯ, ಶೆಡ್ಡಿನಲ್ಲಿ ರೋಗ ಪೂರ್ಣ.

ನಾಲ್ಕನೆಯ ಅಂಶವೇ ಎಲ್ಲಕ್ಕಿಂತ ಮುಖ್ಯವಾದುದು. ಭಯದಿಂದ ಬರೆಸಿದ ಲೆಕ್ಕವು ಎಂದಿಗೂ ತಾಳೆಯಾಗುವುದಿಲ್ಲವೆಂಬುದು ಅಢಾವೆ ಪತ್ರಿಕೆಗೆ ಎಷ್ಟು ಸತ್ಯವೋ, ರೋಗಲೆಕ್ಕಕ್ಕೂ ಅಷ್ಟೇ ಸತ್ಯ. ಉದ್ಯಮಬಾಗದ ಫೌಂಡ್ರಿಯಿಂದ ಖಾನಾಪುರದ ಹಂಚಿನ ಭಟ್ಟಿಯವರೆಗೆ ಪ್ರತಿಯೊಬ್ಬ ಉದ್ಯಮಿಯ ಬಳಿಯೂ ಹಾಜರಿ ಪುಸ್ತಕವಿದೆ. ಅದನ್ನು ಪಗಾರದ ದಿನವಲ್ಲದೆ ವಾರಕ್ಕೊಮ್ಮೆ ತೆರೆದು ನೋಡಲು ಖರ್ಚೇನೂ ಇಲ್ಲ.